ಮುದಿ ಬೆಕ್ಕಿಗೆ ಲಸಿಕೆ ಬೇಡವೇ? ಒಂದು ಸ್ಪಷ್ಟನೆ

‘10 ವರ್ಷ ದಾಟಿದ ಬೆಕ್ಕಿಗೆ ಲಸಿಕೆ ಬೇಡ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅದು ತಪ್ಪು. ಹಾಗಂತ ಎಲ್ಲ ಸೂಜಿಯೂ ಪ್ರತಿ ವರ್ಷ ಬೇಕು ಅಂತಲೂ ಅಲ್ಲ.

ಮರಿಯಿದ್ದಾಗಲೇ ಪ್ಯಾನ್‌ಲ್ಯುಕೋಪೀನಿಯಾ (ವಾಂತಿ-ಭೇದಿ ತಂದು ಬೆಕ್ಕಿನ ಜೀವ ತೆಗೆಯಬಲ್ಲ ವೈರಸ್ ರೋಗ) ಲಸಿಕೆ ಸರಿಯಾಗಿ ಹಾಕಿಸಿದ್ದರೆ ಆಮೇಲೆ 3 ವರ್ಷಕ್ಕೊಮ್ಮೆ ಸಾಕು. ನೆಗಡಿ ತರುವ ಹರ್ಪಿಸ್, ಕ್ಯಾಲಿಸಿ ವೈರಸ್‌ಗಳ ವಿರುದ್ಧ ರಕ್ಷಣೆ ಬೇಗ ಕುಗ್ಗುತ್ತದೆ. ಹೊರಗೆ ಸುತ್ತಿ ಬೇರೆ ಬೆಕ್ಕುಗಳ ಜೊತೆ ಬೆರೆಯುವ ಬೆಕ್ಕಿಗೆ ಇವುಗಳ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸುವುದು ಒಳ್ಳೆಯದು.

ರೇಬೀಸ್ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ನಮ್ಮ ಬೀದಿಗಳಲ್ಲಿ ಆ ರೋಗ ಇನ್ನೂ ಇದೆ. ನಾಯಿ ಕಚ್ಚಿದ ಬೆಕ್ಕು ಮಲಗಲು ಬರುವುದು ನಿಮ್ಮ ಹಾಸಿಗೆಗೇ, ಅಲ್ವಾ? ಇಲ್ಲಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಹಾಕುತ್ತಾರೆ.

ಕಿಡ್ನಿ ತೊಂದರೆಯಿರುವ ಬೆಕ್ಕಾದರೆ ಸೂಜಿಗೆ ಮೊದಲು ಡಾಕ್ಟರ ಹತ್ತಿರ ಹೇಳಿ.