ಕೆಲಸ ಉಂಟೋ, ಇಲ್ವೋ?

ನೂರಿಪ್ಪತ್ತು ವರ್ಷದ ಹಿಂದೆ ಯುರೋಪಿನ ಬಡವನಿಗೆ ಅಮೆರಿಕದ ವೀಸಾ ಬೇಕಿರಲಿಲ್ಲ. ಸುಮಾರು 30 ಡಾಲರ್ ಹೊಂದಿಸಿ ಹಡಗಿನ ತಳದಲ್ಲಿ ಜಾಗ ಹಿಡಿದರೆ ಆಯ್ತು. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ಇಳಿದ ಮೇಲೆ ಅಧಿಕಾರಿ ಎದುರು ನಿಂತು ಒಂದಷ್ಟು ಪ್ರಶ್ನೆಗಳಿಗೆ ಉತ್ತರ ಹೇಳಬೇಕಿತ್ತು. ಅದರಲ್ಲೊಂದು ಹೀಗಿತ್ತು:

"ಇಲ್ಲಿ ನಿನಗೆ ಕೆಲಸ ಗೊತ್ತಾಗಿದೆಯೇನಯ್ಯಾ?"

"ಹೌದು ಸ್ವಾಮಿ, ಪಿಟ್ಸ್‌ಬರ್ಗಿನ ಉಕ್ಕಿನ ಕಾರ್ಖಾನೆಯಲ್ಲಿ" ಅಂದರೆ ಕೆಟ್ಟ. ಹೊರದೇಶದಲ್ಲಿದ್ದಾಗಲೇ ಕೂಲಿ ಮಾತಾಡಿಕೊಂಡು ಬರುವವರಿಗೆ ಪ್ರವೇಶವಿಲ್ಲ ಎಂದು 1885ರಲ್ಲೇ ಕಾನೂನಾಗಿತ್ತು. ಸರಿ, "ಇಲ್ಲ ಸ್ವಾಮಿ, ಯಾವ ಕೆಲಸವೂ ಗೊತ್ತಾಗಿಲ್ಲ" ಅಂದರೆ? ಅದಕ್ಕೆ 1882ರ ಕಾನೂನು ಕಾದು ಕೂತಿತ್ತು. ದುಡಿದು ತಿನ್ನಲಾರದೆ ಸರ್ಕಾರಕ್ಕೆ ಹೊರೆಯಾಗುವವನಿಗೂ ಪ್ರವೇಶವಿಲ್ಲ. ಅತ್ತ ದರಿ, ಇತ್ತ ಪುಲಿ.

ಪಾಸಾಗುವ ಉತ್ತರ ಒಂದೇ ಇತ್ತು. "ಕೆಲಸ ಇಲ್ಲ, ಆದರೆ ಸಿಕ್ಕೇ ಸಿಗುತ್ತೆ." ಹೇಗೆ ಸಿಗುತ್ತೆ ಅಂತ ಮಾತ್ರ ಬಾಯಿ ಬಿಡಬಾರದು. ಸೋದರಮಾವ ಮೇಸ್ತ್ರಿಗೆ ಹೇಳಿಟ್ಟಿದ್ದಾನೆ ಅಂತ ಬಾಯಿ ತಪ್ಪಿ ಅಂದರೂ ಕಷ್ಟ. 1903ರ ನಂತರ ಇದರ ಜೊತೆಗೆ "ನೀನು ಅರಾಜಕತಾವಾದಿಯೇ?" ಅಂತಲೂ ಕೇಳುತ್ತಿದ್ದರು. ಬಾಂಬು ಇಟ್ಟುಕೊಂಡು ಬಂದವನು ಸತ್ಯ ಹರಿಶ್ಚಂದ್ರನಾಗಿರುತ್ತಾನೆ ಅಂತ ಸರ್ಕಾರಕ್ಕೆ ಎಂಥಾ ನಂಬಿಕೆ ನೋಡಿ!

ಕಾನೂನು ಮಾಡಿದವರಿಗೂ ಅವರದೇ ಕಾರಣ ಇತ್ತು, ಇಲ್ಲ ಅನ್ನೋಕಾಗಲ್ಲ. ಕಾರ್ಖಾನೆ ಮಾಲೀಕರು ಅಗ್ಗದ ಆಳುಗಳನ್ನು ಹಡಗಿನಲ್ಲಿ ತರಿಸಿ ಮುಷ್ಕರ ಮುರಿಯುತ್ತಾರೆ ಅಂತ ಕಾರ್ಮಿಕ ಸಂಘಗಳು ಗಲಾಟೆ ಮಾಡಿದ್ದವು. ಆದರೆ ಮಾಲೀಕರಿಗೆ ಆಳು ಬೇಕೇ ಬೇಕು. 1870ರಲ್ಲಿ ಸುಮಾರು 3 ಲಕ್ಷ ಜನರಿದ್ದ ಷಿಕಾಗೊ 1900ಕ್ಕೆ 17 ಲಕ್ಷ ಮುಟ್ಟಿದ್ದು ಸುಮ್ನೆ ಅಲ್ಲ. ಹಾಗಾಗಿ ಬಾಗಿಲನ್ನು ಹಾಕಿದ ಹಾಗೂ ಇರಬೇಕು, ತೆಗೆದ ಹಾಗೂ ಇರಬೇಕು. ಮಧ್ಯದಲ್ಲಿ ನಿಂತವನು ಸುಳ್ಳು ಹೇಳಬೇಕು.

ಮೊದಲನೇ, ಎರಡನೇ ದರ್ಜೆಯವರಿಗೆ ಈ ರಗಳೆ ಕಡಿಮೆ. ಅವರನ್ನು ಹಡಗಿನಲ್ಲೇ ಮರ್ಯಾದೆಯಿಂದ ವಿಚಾರಿಸಿ, ಸಾಮಾನ್ಯವಾಗಿ ಅಲ್ಲಿಂದಲೇ ಊರೊಳಗೆ ಬಿಡುತ್ತಿದ್ದರು. ತಳದವರು ಮಾತ್ರ ದ್ವೀಪಕ್ಕೆ ಹೋಗಿ, ಗಂಟುಮೂಟೆ ಹೊತ್ತು ಮೆಟ್ಟಿಲು ಹತ್ತಬೇಕು. ಯಾರು ಏದುಸಿರು ಬಿಡುತ್ತಾರೆ, ಯಾರು ಕುಂಟುತ್ತಾರೆ ಅಂತ ಡಾಕ್ಟರು ನೋಡುತ್ತಿರುತ್ತಿದ್ದರು. ಅನುಮಾನ ಬಂದರೆ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಕ್ಷರ. ಹೃದಯಕ್ಕೆ ಎಚ್, ಕುಂಟಿಗೆ ಎಲ್, ತಲೆ ಸರಿಯಿಲ್ಲ ಅನಿಸಿದರೆ ಎಕ್ಸ್. ಟಿಕೆಟ್ ದುಬಾರಿಯಾದಷ್ಟೂ ಗುಂಡಿಗೆ ಗಟ್ಟಿ ಅನ್ನೋದು ಆಗಿನ ವೈದ್ಯಶಾಸ್ತ್ರ ಇರಬೇಕು.

ಈ 1885ರ ಕಾನೂನಿಗೆ ಒಬ್ಬ ಪಾದ್ರಿಯೂ ಸಿಕ್ಕಿಬಿದ್ದ ಕತೆ ಇದೆ. ನ್ಯೂಯಾರ್ಕಿನ ಹೋಲಿ ಟ್ರಿನಿಟಿ ಚರ್ಚಿನವರು ಇಂಗ್ಲೆಂಡಿನಿಂದ ವಾಲ್ಪೋಲ್ ವಾರನ್ ಎಂಬ ಪಾದ್ರಿಯನ್ನು ಸಂಬಳ ಮಾತಾಡಿ ಕರೆಸಿಕೊಂಡರು. ಕೇಸು ಬಿತ್ತು! ನಟರು, ಹಾಡುಗಾರರು, ಉಪನ್ಯಾಸಕರು, ಮನೆಯಾಳುಗಳಿಗೆಲ್ಲ ಕಾನೂನಿನಲ್ಲಿ ವಿನಾಯಿತಿ ಇತ್ತು. ಪಟ್ಟಿಯಲ್ಲಿ ಪಾದ್ರಿಯನ್ನು ಸೇರಿಸಲು ಮರೆತಿದ್ದರು. ಕೆಳಗಿನ ಕೋರ್ಟು ತಪ್ಪು ತಪ್ಪೇ ಅಂದಿತು. 1892ರಲ್ಲಿ ಸುಪ್ರೀಂ ಕೋರ್ಟು, ಅಕ್ಷರ ಏನೇ ಹೇಳಲಿ, ಕಾನೂನಿನ ಮನಸ್ಸಿನಲ್ಲಿ ಇದ್ದದ್ದು ಮೈಮುರಿದು ದುಡಿಯುವ ಕೂಲಿಗಳು ಮಾತ್ರ ಎಂದು ಚರ್ಚನ್ನು ಬಿಡಿಸಿತು. ಪಾದ್ರಿಗೆ ಕಾನೂನಿನ ಮನಸ್ಸು, ಕೂಲಿಗೆ ಕಾನೂನಿನ ಅಕ್ಷರ.

ಒಳಗೆ ಬಂದವನು ನ್ಯೂಯಾರ್ಕಿನ ವಠಾರ ಸೇರಿದರೆ ಅಲ್ಲೂ ಇದೇ ಜಾಣತನ. ಗಾಳಿಯಿಲ್ಲದ ಒಳಕೋಣೆಗಳಲ್ಲಿ ಜನ ಕ್ಷಯ ಬಂದು ಸಾಯುತ್ತಿದ್ದರು. ಹಳೆಯ ಕಟ್ಟಡಗಳ ಕತ್ತಲೆ ಕೋಣೆಗೂ ಕಿಟಕಿ ಇರಲೇಬೇಕು ಎಂದು 1901ರ ಕಾನೂನು ಅಪ್ಪಣೆ ಕೊಟ್ಟಿತು. ಮಾಲೀಕರು ಕೊಟ್ಟರು. ಕೋಣೆ ಕೋಣೆಯ ನಡುವಿನ ಗೋಡೆ ಒಡೆದು, ಚೌಕಟ್ಟು ಕೂರಿಸಿ, ಗಾಜು ಹಾಕಿಸಿದರು. ಕಿಟಕಿ ತೆಗೆದರೆ ಕಾಣೋದು ಪಕ್ಕದ ರೂಮಿನ ಮಂಚ. ಅದೂ ಕಿಟಕಿಯೇ ಎಂದು ಕಾನೂನು ಒಪ್ಪಿಕೊಂಡಿತು.

ಈಗ ಕಾಲ ಬದಲಾಗಿದೆ, ಅಲ್ವಾ? ಅಮೆರಿಕದಲ್ಲಿ ದುಡಿಯೋಕೆ ಎಚ್-1ಬಿ ವೀಸಾ ಬೇಕೆಂದರೆ ಕೆಲಸ ಮೊದಲೇ ಗೊತ್ತಾಗಿರಬೇಕು. ಗೊತ್ತಾಗಿದ್ದರೆ "ನಮ್ಮವರ ಕೆಲಸ ಕದಿಯೋಕೆ ಬಂದ" ಅಂತ ಅಲ್ಲಿನವರ ಬೈಗುಳ. 2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಅಂತ ಆದೇಶವನ್ನೇ ಹೊರಡಿಸಿದರು.

ಹಳೇ ಪ್ರಶ್ನೆಯನ್ನು ಸಲೀಸಾಗಿ ದಾಟುವವರೆಂದರೆ ಮಗಳ ಬಾಣಂತನಕ್ಕೆ ಹೊರಟ ನಮ್ಮ ತಾಯಂದಿರೇ. ಅಳಿಯ ಹೇಳಿಕೊಟ್ಟ ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಚೆನ್ನೈನ ಅಮೆರಿಕ ವೀಸಾ ಕಚೇರಿಯ ಕಿಟಕಿ ಎದುರು ನಿಲ್ಲುತ್ತಾರೆ. "ಅಲ್ಲಿ ಏನಾದರೂ ಕೆಲಸ ಮಾಡ್ತೀರಾಮ್ಮಾ?" "ಅಯ್ಯೋ, ನಮಗೇನು ಕೆಲಸ ಸ್ವಾಮಿ? ಸುಮ್ನೆ ನಯಾಗರ ನೋಡ್ಕೊಂಡು ಬರೋದು." ಆರು ತಿಂಗಳು ಮಗುವಿಗೆ ಎಣ್ಣೆನೀರು, ಬಾಣಂತಿಗೆ ಮೆಣಸಿನ ಸಾರು, ಮನೆಮಂದಿಗೆಲ್ಲ ಚಪಾತಿ. ಬಿಡುವಾದರೆ ನಯಾಗರ.