ಹೊಟ್ಟೆಗೊಂದು ರಿಬ್ಬನ್

ಮಳೆ ನಿಂತು ಐದು ನಿಮಿಷ ಆಗಿತ್ತು. ಪ್ರದರ್ಶನದ ಅಂಗಳದಲ್ಲಿದ್ದ ಕುದುರೆಗಳ ಮೈಯಿಂದೆಲ್ಲ ನೀರು ಇಳಿದುಹೋಗಿತ್ತು, ಒಂದು ಪೋನಿಯ, ಅಂದರೆ ಗಿಡ್ಡ ತಳಿಯ ಕುದುರೆಯ, ಬೆನ್ನ ಮೇಲೆ ಮಾತ್ರ ಇನ್ನೂ ನಿಂತಿತ್ತು. ಬೆನ್ನುಮೂಳೆಯ ಎರಡೂ ಕಡೆ ಕೊಬ್ಬು ಉಬ್ಬಿ ನಡುವೆ ಒಂದು ಕಾಲುವೆಯೇ ಆಗಿಬಿಟ್ಟಿತ್ತು. ಮೀನು ಬಿಡಬಹುದಿತ್ತು. ತೀರ್ಪುಗಾರರು ಅದರ ಸುತ್ತ ಒಂದು ಸುತ್ತು ಬಂದರು (ಸ್ವಲ್ಪ ಹೊತ್ತು ಹಿಡಿಯಿತು), ತಲೆದೂಗಿದರು, ಮೊದಲ ಬಹುಮಾನದ ರಿಬ್ಬನ್ ಅದಕ್ಕೇ ಕಟ್ಟಿದರು. ಜನರಿಂದ ಚಪ್ಪಾಳೆ. "ಎಂಥ ಲಕ್ಷಣ! ಹೇಗೆ ಮೈಕೈ ತುಂಬಿಕೊಂಡಿದ್ದಾನೆ ನೋಡಿ!"

ನಮ್ಮ ಪೋನಿಗೆ ಕೊನೆಯ ಸ್ಥಾನ. ಅವನ ಪಕ್ಕೆಲುಬು ಕೈಗೆ ಸಿಗುತ್ತದೆ, ಅದೇ ತಪ್ಪು. ಕಣ್ಣಿಗೆ ಕಾಣುವುದಿಲ್ಲ, ಕೈ ಆಡಿಸಿದರೆ ಸಿಗುತ್ತದೆ. ಒಬ್ಬರು ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಹುಷಾರಿಲ್ವಾ ಪಾಪ ಇವನಿಗೆ?" ಇನ್ನೊಬ್ಬರು ಕೇಳಲೂ ಇಲ್ಲ. ನನ್ನನ್ನು ಮೇಲಿಂದ ಕೆಳಗಿನವರೆಗೆ ಒಂದು ಸಲ ನೋಡಿದರು, ಪೋನಿಯ ಮೇವನ್ನು ನಾನೇ ತಿಂದು ಮುಗಿಸಿದ ಹಾಗೆ.

ನಾಯಿ ದಪ್ಪ ಆದರೆ ಜನ ನಗುತ್ತಾರೆ. ಬೆಕ್ಕು ದಪ್ಪ ಆದರೆ ವಿಡಿಯೊ ಮಾಡುತ್ತಾರೆ. ಕುದುರೆ ದಪ್ಪ ಆದರೆ ಬಹುಮಾನ ಕೊಡುತ್ತಾರೆ.

ಕುದುರೆ ಸಾಕುವವರ ಬಾಯಲ್ಲಿ "ದಪ್ಪ" ಅನ್ನುವ ಮಾತು ಬರುವುದೇ ಇಲ್ಲ. ಇವನದು ದೊಡ್ಡ ಮೂಳೆ. ಈ ತಳಿನೇ ಹಾಗೆ, ಗಾಳಿ ಕುಡಿದ್ರೂ ಮೈಗೆ ಹತ್ತುತ್ತೆ. ಅದು ಕೊಬ್ಬಲ್ಲ ರೀ, ಹುಲ್ಲಿನ ಹೊಟ್ಟೆ, ಎರಡು ದಿನದಲ್ಲಿ ಇಳಿಯುತ್ತೆ. ಕತ್ತಿನ ಮೇಲ್ಭಾಗದಲ್ಲಿ ಗಟ್ಟಿಯಾಗಿ ಎದ್ದು ನಿಂತ ಕೊಬ್ಬಿನ ದಿಬ್ಬವನ್ನು ತೋರಿಸಿದರೆ, ಅದು ಗಂಡು ಕುದುರೆಯ ಗತ್ತು ಅನ್ನುತ್ತಾರೆ. ಬೀಜ ತೆಗೆಸಿ ಆರು ವರ್ಷ ಆಗಿದೆ, ಗತ್ತು ಮಾತ್ರ ಈಗ ಬರುತ್ತಿದೆ. ಆ ದಿಬ್ಬ ತನ್ನ ಭಾರಕ್ಕೆ ತಾನೇ ಒಂದು ಪಕ್ಕಕ್ಕೆ ವಾಲಿದರೆ ಅದು "ಸ್ಟೈಲು". ಜೀನಿನ ಹೊಟ್ಟೆಪಟ್ಟಿ ಹೋದ ವರ್ಷದ ತೂತಿಗೆ ಸೇರದಿದ್ದರೆ, ಮಳೆಗೆ ಚರ್ಮ ಕುಗ್ಗಿದೆ. ಒಂದೇ ವರ್ಷದಲ್ಲಿ ಮೂರು ಪಟ್ಟಿ ಕುಗ್ಗಿದ್ದನ್ನು ನಾನೇ ಕಂಡಿದ್ದೇನೆ, ಮೂರೂ ಒಂದೇ ಕುದುರೆಯ ಮೇಲೆ.

ಅಳೆಯುವುದಕ್ಕೆ ಲೆಕ್ಕ ಇಲ್ಲ ಅಂತಲ್ಲ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಡಾನ್ ಹೆನೆಕೆ ಮತ್ತು ಸಂಗಡಿಗರು 1983ರಲ್ಲೇ 1ರಿಂದ 9ರವರೆಗಿನ ಒಂದು ಅಳತೆಯನ್ನು ಮುಂದಿಟ್ಟರು. ಕತ್ತು, ಹೆಗಲು, ಭುಜದ ಹಿಂಭಾಗ, ಪಕ್ಕೆಲುಬು, ಸೊಂಟ, ಬಾಲದ ಬುಡ, ಈ ಆರು ಕಡೆ ನೋಡಿ, ಮುಟ್ಟಿ ಅಂಕ ಕೊಡಬೇಕು. 1 ಅಂದರೆ ಎಲುಬಿನ ಗೂಡು. 5 ಅಂದರೆ ಸರಿಯಾದ ಮೈ. 8, 9 ಅಂದರೆ ಬೊಜ್ಜು. ಪ್ರದರ್ಶನದ ಅಂಗಳದವರೂ ಇದನ್ನು ಕೇಳಿರಬೇಕು, ಆದರೆ ಪರೀಕ್ಷೆಯ ಅಂಕ ಅಂದುಕೊಂಡಿರಬೇಕು. 9ಕ್ಕೆ 9 ಬಂದರೆ ರ‍್ಯಾಂಕ್.

ಪಕ್ಕೆಲುಬಿನ ಪರೀಕ್ಷೆಗೆ ಕುದುರೆಯೂ ಬೇಡ, ಕೂತಲ್ಲೇ ಕಲಿಯಬಹುದು. ಎಡಗೈ ಮುಷ್ಟಿ ಕಟ್ಟಿ, ಬೆರಳ ಗೆಣ್ಣುಗಳ ಮೇಲೆ ಬಲಗೈ ಆಡಿಸಿ. ಪಕ್ಕೆಲುಬು ಹಾಗೆ ಸಿಕ್ಕಿದರೆ ಕುದುರೆ ಬಡಕಲು. ಮುಷ್ಟಿ ಬಿಚ್ಚಿ, ಕೈಯ ಹಿಂಬದಿ ಸವರಿ. ಮೂಳೆ ಎದ್ದು ಕಾಣುವುದಿಲ್ಲ, ಆದರೆ ಬೆರಳಿಗೆ ತಿಳಿಯುತ್ತದೆ ಅಲ್ವಾ? ಅದು ಸರಿಯಾದ ಮೈ. ಈಗ ಕೈ ಮಗುಚಿ, ಹೆಬ್ಬೆರಳ ಬುಡದಲ್ಲಿ ಮೆತ್ತಗೆ ಉಬ್ಬಿದೆಯಲ್ಲ, ಅದನ್ನು ಒತ್ತಿ. ಮೊದಲ ಬಹುಮಾನ!

ಮುಂಗಾಲಿನ ಹಿಂದೆ ಎದೆಗೆ ಸುತ್ತಿ ಅಳೆಯುವ ಟೇಪೂ ಇದೆ. ಅದು ಹೇಳುವ ತೂಕ ಅಷ್ಟು ನಿಖರವಲ್ಲ, ಆದರೆ ಎರಡು ವಾರಕ್ಕೊಮ್ಮೆ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಅಳೆದು ಬರೆದಿಟ್ಟರೆ ಮೈ ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ. ಅಳೆಯುವಾಗ ಟೇಪನ್ನು ಜಗ್ಗಿ ಎಳೆದು, ಜೊತೆಗೆ ತಮ್ಮ ಹೊಟ್ಟೆಯನ್ನೂ ಒಳಗೆಳೆದುಕೊಳ್ಳುವವರನ್ನು ನೋಡಿದ್ದೇನೆ.

"ದಪ್ಪ ಇದ್ರೆ ಏನೀಗ, ಸಂತೋಷವಾಗಿದೆಯಲ್ಲ" ಅನ್ನುವವರು ಒಮ್ಮೆ ಗೊರಸಿನ ಒಳಗೆ ಇಣುಕಬೇಕು. ಅಣಬೆಯ ಕೊಡೆಯ ಅಡಿಯಲ್ಲಿ ತೆಳ್ಳನೆ ಪದರುಗಳು ಇರುತ್ತವಲ್ಲ, ಹೆಚ್ಚುಕಡಿಮೆ ಅಂಥ ನೂರಾರು ಪದರುಗಳು ಗೊರಸಿನ ಗೋಡೆಯನ್ನೂ ಒಳಗಿನ ಮೂಳೆಯನ್ನೂ ಬೆಸೆದು ಹಿಡಿದಿರುತ್ತವೆ. ಇಡೀ ಕುದುರೆ ನಿಂತಿರುವುದು ಆ ಬೆಸುಗೆಯ ಮೇಲೆ. ಅದು ಸಡಿಲಾದರೆ ಮೂಳೆ ತಿರುಗುತ್ತದೆ, ಇಲ್ಲವೇ ಕೆಳಗೆ ಕುಸಿಯುತ್ತದೆ. ಇದೇ ಲ್ಯಾಮಿನೈಟಿಸ್. ಭಾರಕ್ಕೆ ಸಡಿಲಾಯಿತು ಅಂತ ಜನ ಅಂದುಕೊಳ್ಳುತ್ತಾರೆ, ಆದರೆ ಹೆಚ್ಚಿನ ಸಲ ದೊಡ್ಡ ಪಾಲು ಇನ್ಸುಲಿನ್‌ನದು. ಆಸ್ಟ್ರೇಲಿಯಾದ ಸಂಶೋಧಕರು ಆರೋಗ್ಯವಾಗಿಯೇ ಇದ್ದ ಪೋನಿಗಳ ರಕ್ತಕ್ಕೆ ಬಿಡದೆ ಇನ್ಸುಲಿನ್ ಹರಿಸಿ ನೋಡಿದರು, 72 ಗಂಟೆಯೊಳಗೆ ಅವಕ್ಕೆಲ್ಲ ಲ್ಯಾಮಿನೈಟಿಸ್ ಬಂತು. ಇದು ಪ್ರಕಟವಾದದ್ದು 2007ರಲ್ಲಿ. ದಪ್ಪ ಕುದುರೆಗಳಿಗೆಲ್ಲ ಇನ್ಸುಲಿನ್ ಏರುಪೇರಾಗುತ್ತದೆ ಅಂತಲ್ಲ. ಆದರೆ ಕೊಬ್ಬು ಏರಿದಷ್ಟೂ, ಅದರಲ್ಲೂ ಕತ್ತಿನ ಆ "ಗತ್ತು" ಏರಿದಷ್ಟೂ, ಅಪಾಯ ಜಾಸ್ತಿ.

ನೋವು ಬಂದ ಕುದುರೆ ಮುಂಗಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ, ಹಿಂದಕ್ಕೆ ವಾಲಿ ನಿಲ್ಲುತ್ತದೆ. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಾಯಿಸುತ್ತಲೇ ಇರುತ್ತದೆ. ಗಟ್ಟಿ ನೆಲದ ಮೇಲೆ ನಡೆಸಿದರೆ ಕಾದ ಕಾವಲಿ ಮೇಲೆ ಹೆಜ್ಜೆ ಇಟ್ಟ ಹಾಗೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ, ಆದರೆ ನೋಡುವ ಕಣ್ಣು ಬೇಕು.

ಇಷ್ಟು ಕೊಬ್ಬು ಎಲ್ಲಿಂದ ಬರುತ್ತದೆ ಅಂತ ಹುಡುಕಲು ಪತ್ತೇದಾರ ಬೇಕಿಲ್ಲ. ಪೋನಿಯ ಮೈ ಕಷ್ಟದ ನೆಲಕ್ಕೆ ತಯಾರಾದ ಮೈ. ಒರಟು ಹುಲ್ಲು ತಿಂದು ಬೇಸಿಗೆಯಲ್ಲಿ ತುಂಬಿಕೊಳ್ಳುವುದು, ಚಳಿಗಾಲದಲ್ಲಿ ಅದನ್ನೇ ಕರಗಿಸಿಕೊಂಡು ಬದುಕುವುದು. ಈಗ ತುಂಬಿಕೊಳ್ಳುವ ಕಾಲ ಮಾತ್ರ ಉಳಿದಿದೆ. ಚಳಿ ಶುರು ಆಗುವ ಮೊದಲೇ ಮೈಮೇಲೆ ಕಂಬಳಿ, ಅದರ ಮೇಲೆ ಇನ್ನೊಂದು, ಕತ್ತಿಗೆ ಬೇರೆ. ಹೊಟ್ಟೆಗೆ ಧಾನ್ಯ. ಧಾನ್ಯದ ಚೀಲದ ಮೇಲೆ ಗೋಡೆ ಹಾರುವ ರೇಸಿನ ಕುದುರೆಯ ಚಿತ್ರ. ನಮ್ಮ ಪರಿಚಯದ ಒಂದು ಪೋನಿ ನೆಗೆದದ್ದು ಒಂದೇ ಸಲ, ಆ ಚೀಲ ಕಂಡಾಗ. ತಿಂಗಳಿಗೆ ಎರಡು ಸವಾರಿ, ಅದೂ ಮೋಡ ಇಲ್ಲದಿದ್ದರೆ. ಹೋಗುವವರು ಬರುವವರು ಕೊಡುವ ತಿಂಡಿಗೆ ಲೆಕ್ಕವೇ ಇಲ್ಲ. ಅತಿ ಸ್ನೇಹ ಗತಿ ಕೇಡು ಅಂತಾರಲ್ಲ, ಆ ಸ್ನೇಹ ದಿನಕ್ಕೆ ನಾಲ್ಕು ಬಕೆಟ್.

ಇನ್ನು ಡಾಕ್ಟರು ಗದರಿಸಿದ ದಿನದ ಕಥೆ. ಅಂದು ಸಂಜೆಯಿಂದಲೇ ಯಜಮಾನರಿಗೆ ಜ್ಞಾನೋದಯ. ಹುಲ್ಲು ಬಂದ್, ಬಕೆಟ್ ಬಂದ್, ಪೋನಿ ಖಾಲಿ ಲಾಯದಲ್ಲಿ ಗೋಡೆ ನೋಡುತ್ತಾ ನಿಲ್ಲಬೇಕು. ಇದು ಮೊದಲಿನದಕ್ಕಿಂತ ದೊಡ್ಡ ಅನಾಹುತ. ದಪ್ಪ ಪೋನಿಯನ್ನು ಉಪವಾಸ ಕೆಡವಿದರೆ ಮೈಯ ಕೊಬ್ಬು ಒಮ್ಮೆಗೇ ರಕ್ತಕ್ಕೆ ನುಗ್ಗಿ, ಪಿತ್ತಜನಕಾಂಗ ಕೈಕೊಟ್ಟು, ಪ್ರಾಣಕ್ಕೇ ಕುತ್ತು ಬರಬಹುದು. ಕತ್ತೆಗಳಿಗೂ ಇದೇ ಅಪಾಯ. ಅದಲ್ಲದೆ ಕುದುರೆಯ ಹೊಟ್ಟೆಯಲ್ಲಿ ಹಗಲೂ ರಾತ್ರಿ ಆಸಿಡ್ ಸುರಿಯುತ್ತಲೇ ಇರುತ್ತದೆ, ಖಾಲಿ ಬಿಟ್ಟರೆ ಹುಣ್ಣು. ತೂಕ ಇಳಿಸಲು ಸಾಮಾನ್ಯವಾಗಿ ಶುರು ಮಾಡುವುದು ದಿನಕ್ಕೆ ಮೈತೂಕದ 1.5% ಮೇವಿನಿಂದ. ಅಂದರೆ 300 ಕಿಲೋ ಪೋನಿಗೆ, ನೀರಿನಂಶ ಬಿಟ್ಟು, 4.5 ಕಿಲೋ. ಒಣಹುಲ್ಲನ್ನು ನೀರಲ್ಲಿ ನೆನೆಸಿ ಆ ನೀರು ಚೆಲ್ಲಿದರೆ ಸಕ್ಕರೆ ಒಂದಷ್ಟು ಹೋಗುತ್ತದೆ. ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿಟ್ಟರೆ ತಿನ್ನಲು ಹೊತ್ತು ಹಿಡಿಯುತ್ತದೆ. ಗೊರಸು ಚೆನ್ನಾಗಿದ್ದರೆ ಓಡಾಟ. ಮೇವನ್ನು ಆ 1.5%ಗಿಂತ ಕಡಿಮೆ ಮಾಡಬೇಕಾದರೆ ಡಾಕ್ಟರನ್ನು ಕೇಳಿಯೇ. ತಿಂಗಳುಗಟ್ಟಲೆ ಹಿಡಿಯುವ, ಯಾರೂ ಫೋಟೊ ಹಾಕದ ಬೋರು ಕೆಲಸ.

ಡಾಕ್ಟರುಗಳ ಕಷ್ಟವೂ ಕಡಿಮೆಯಲ್ಲ ಬಿಡಿ. "ನಿಮ್ಮ ಕುದುರೆ ದಪ್ಪ" ಅಂದರೆ ಮುಂದಿನ ಸಲ ಬೇರೆ ಡಾಕ್ಟರು ಬರುತ್ತಾರೆ. ಬ್ರಿಟನ್ನಿನಲ್ಲಿ ಲಸಿಕೆ ಹಾಕಲು ಹೋದ ಪಶುವೈದ್ಯರು ಹಸಿರು, ಕಿತ್ತಳೆ, ಕೆಂಪು ಸ್ಟಿಕರ್ ಅಂಟಿಸಿ ಬರುವ ಪ್ರಯೋಗವನ್ನೇ ಮಾಡಿದರು. ಬಾಯಲ್ಲಿ ಹೇಳಲಾಗದ್ದನ್ನು ಟ್ರಾಫಿಕ್ ಸಿಗ್ನಲ್ ಹೇಳಲಿ ಅಂತ.

ನಾನು ಆರಿಸಿಕೊಂಡದ್ದು ಬಾಯಿಕುಕ್ಕೆ. ಮೇಯಲು ಬಿಟ್ಟಾಗ ಬಾಯಿಗೆ ಕಟ್ಟುವುದು. ತಳದಲ್ಲಿ ತೂತು ಇರುತ್ತದೆ, ಹುಲ್ಲಿನ ತುದಿ ಸಿಗುತ್ತದೆ, ನೀರು ಕುಡಿಯಬಹುದು, ಬಾಚಿ ಬಾಚಿ ತಿನ್ನಲಾಗುವುದಿಲ್ಲ ಅಷ್ಟೇ. ಮೊದಲು ಬರೀ ಮೇಯುವ ಹೊತ್ತು ಕಡಿಮೆ ಮಾಡಿ ನೋಡಿದ್ದೆ. ಪೋನಿ ನನಗಿಂತ ಜಾಣ. ಹೊತ್ತು ಕಡಿಮೆ ಅಂತ ಗೊತ್ತಾದ ಮೇಲೆ ಎರಡರಷ್ಟು ವೇಗದಲ್ಲಿ ತಿನ್ನಲು ಶುರು ಮಾಡಿದ. ಕುಕ್ಕೆ ಕಟ್ಟಿದ ದಿನದಿಂದ ಬೇಲಿಯ ಆಚೆ ನ್ಯಾಯಾಲಯ. "ಬಾಯಿ ಕಟ್ಟಿದ್ದೀರಲ್ಲ, ಕರುಣೆ ಇಲ್ವಾ?" "ಕಚ್ತಾನಾ?" ಒಂದು ಮಧ್ಯಾಹ್ನ ಯಾರೋ ಪುಣ್ಯಾತ್ಮರು ಕುಕ್ಕೆ ಬಿಚ್ಚಿ ನೀಟಾಗಿ ಬೇಲಿಗೆ ನೇತುಹಾಕಿದ್ದರು. ಪೋನಿಯ ಮೂತಿಗೆಲ್ಲ ಬ್ರೆಡ್ಡಿನ ಪುಡಿ ಮೆತ್ತಿತ್ತು.

ಅವತ್ತು ಪ್ರದರ್ಶನ ಮುಗಿಸಿ ಹೊರಡುವಾಗ ಗೆದ್ದ ಪೋನಿ ಗೇಟಿನ ಹತ್ತಿರ, ಸಿಮೆಂಟು ನೆಲದ ಮೇಲೆ ನಿಂತಿತ್ತು. ಮುಂಗಾಲು ಎರಡೂ ಮುಂದಕ್ಕೆ ಚಾಚಿತ್ತು. ಮೈ ಹಿಂದಕ್ಕೆ ವಾಲಿತ್ತು. ಅದರ ಯಜಮಾನರು ನನ್ನ ಕೈಗೆ ಫೋನು ಕೊಟ್ಟರು. "ನೋಡಿ, ಗೆದ್ದ ಮೇಲೆ ನಿಲ್ಲೋ ಗತ್ತೇ ಬೇರೆ! ಒಂದು ಫೋಟೊ ತೆಗೀರಿ." ಮೂರು ತೆಗೆದೆ. ಮೂರರಲ್ಲೂ ಭಾರ ಬೇರೆ ಬೇರೆ ಕಾಲಿನ ಮೇಲಿತ್ತು. ಇವತ್ತೇ ಡಾಕ್ಟರಿಗೆ ತೋರಿಸಿ ಅಂದೆ.

"ಖಂಡಿತ" ಅಂದರು, ರಿಬ್ಬನ್ ಸರಿ ಮಾಡುತ್ತಾ. "ಮೊದ್ಲು ಅವರಿಗೇ ತೋರಿಸ್ಬೇಕು."