ನಮ್ಮ ಕೆರೆಗೆ ದೋಣಿ ಬೇಕಾ?

ಪರ

ಕೆಲಸವಿಲ್ಲದ ಕೆರೆ ಬೆಂಗಳೂರಲ್ಲಿ ಜಾಸ್ತಿ ದಿನ ಬಾಳುವುದಿಲ್ಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಮೊದಲು ಕೆರೆಯ ಏರಿಯ, ಅಂದರೆ ಮಣ್ಣಿನ ಕಟ್ಟೆಯ ಕೆಳಗೆ ಗದ್ದೆ ಇತ್ತು, ತೂಬು ಎತ್ತಿ ಗದ್ದೆಗೆ ನೀರು ಬಿಡಲು ನೀರಗಂಟಿ ಇದ್ದ. ಗದ್ದೆ ಹೋಯಿತು, ನೀರಗಂಟಿಯೂ ಹೋದ. ಈಗ ಕೆರೆಗೆ ದಿಕ್ಕು ಯಾರು? ಬೆಳಿಗ್ಗೆ ವಾಕಿಂಗ್ ಬರುವವರು, ಭಾನುವಾರ ಮಕ್ಕಳನ್ನು ಕರೆತರುವವರು. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಗೆ ಇವತ್ತೂ ಕಾವಲಾಗಿರುವುದು ಇಂಥ ಜನರೇ.

ದೋಣಿ ಬಿಟ್ಟರೆ ಇಂಥವರು ಇನ್ನಷ್ಟು ಬರುತ್ತಾರೆ. ದೋಣಿಯಲ್ಲಿ ಕೂತ ಮಗು ನೀರಿಗೆ ಕೈ ಅದ್ದುತ್ತದೆ. ಮೂಸಿ ನೋಡಿ, "ಯಾಕಪ್ಪಾ ಹೀಗೆ ನಾರುತ್ತೆ?" ಅಂತ ಕೇಳುತ್ತದೆ. ಮಾರನೇ ದಿನ ಅಪ್ಪ ವಾರ್ಡ್ ಕಚೇರಿಗೆ ಅರ್ಜಿ ಹಿಡಿದು ಹೋಗುತ್ತಾನೆ. ಕೆರೆಗೆ ಬೇಕಿರುವುದು ಇದೇ.

ವಿರೋಧ

ಆ ಮಗುವಿನ ಪ್ರಶ್ನೆ ನನಗೂ ಇಷ್ಟ. ದಡದಲ್ಲಿ ನಿಂತೂ ಅದನ್ನು ಕೇಳಬಹುದು, ಅಲ್ವಾ? ನನ್ನ ಚಿಂತೆ ಏರಿಯದು. ಮೇಲೆ ಟೈಲ್ಸ್ ಹಾಸಿ ಬೆಂಚು ಇಟ್ಟರೂ ಒಳಗಿರುವುದು ಮಣ್ಣೇ. ದೋಣಿ ಓಡಬೇಕೆಂದರೆ ವರ್ಷವಿಡೀ ಕೆರೆ ತುಂಬಿರಬೇಕು. ಹಾಗೆ ತುಂಬಿಟ್ಟ ಕೆರೆಗೆ ಸೆಪ್ಟೆಂಬರ್ ಮಳೆಯಲ್ಲಿ ರಾಜಕಾಲುವೆ ನೀರು ನುಗ್ಗಿದರೆ ಹಿಡಿದಿಡಲು ಜಾಗ ಎಲ್ಲಿದೆ? ಎಲ್ಲ ಕೋಡಿಯಲ್ಲೇ, ಅಂದರೆ ಹೆಚ್ಚಾದ ನೀರು ಹೊರಗೆ ಹರಿಯುವ ದಾರಿಯಲ್ಲೇ ಹೋಗಬೇಕು. ಕೋಡಿಗೆ ಕಸ ಕಟ್ಟಿಕೊಂಡರೆ ನೀರು ಏರಿಯ ಮೇಲೆ ಹತ್ತುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹರಿಯಲು ಶುರುವಾದರೆ ಅದು ಉಳಿಯುವುದು ಕಷ್ಟ.

ಕಳೆದ ಮಳೆಗಾಲದಲ್ಲಿ ನಮ್ಮ ಬಡಾವಣೆಯ ಕೆರೆಯ ಏರಿ ಹಿಂದೆ ಇಳಿದು ನೋಡಿದೆ. ಹುಲ್ಲಿನ ನಡುವೆ ಅಂಗೈಯಗಲ ಒದ್ದೆ. ಜಿನುಗುತ್ತಿದ್ದ ನೀರನ್ನು ಬೊಗಸೆಯಲ್ಲಿ ಹಿಡಿದೆ. ಕೆಂಪಗಿತ್ತು. ತಿಳಿ ನೀರು ಸ್ವಲ್ಪ ಜಿನುಗುವುದು ಮಣ್ಣಿನ ಏರಿಗೆ ಸಹಜ. ಕೆಂಪು ನೀರು ಬಂದರೆ ಒಳಗಿನ ಮಣ್ಣೇ ಕರಗಿ ಬರುತ್ತಿದೆ ಅಂತ ಅರ್ಥ. ಏಡಿ ಬಿಲವೋ, ಸತ್ತ ಮರದ ಬೇರು ಕೊಳೆತ ಸಂದೋ ನೀರಿಗೆ ದಾರಿ ಕೊಟ್ಟಿರುತ್ತದೆ. ಎರಡು ಸಲ ದೂರು ಕೊಟ್ಟೆ. ಯಾರೂ ಬಂದು ನೋಡಲಿಲ್ಲ. 2019ರ ನವೆಂಬರ್ 24ರಂದು ಹುಳಿಮಾವು ಕೆರೆ ಏರಿ ಒಡೆದು ನೂರಾರು ಮನೆಗೆ ನೀರು ನುಗ್ಗಿದ್ದನ್ನು ನಾನಂತೂ ಮರೆತಿಲ್ಲ.

ಮಳೆಗೆ ಮುಂಚೆ ಕೋಡಿಯ ಕಸ ಎತ್ತಲು, ದಿನಾ ಏರಿ ಸುತ್ತಿ ಬರಲು ಒಬ್ಬ ನೀರಗಂಟಿ ಬೇಕು. ಮೊದಲು ಅವನ ಸಂಬಳ ನಿಗದಿಯಾಗಲಿ. ದೋಣಿಯ ಮಾತು ಆಮೇಲೆ ಆಡೋಣ.